ಮುಂದಿನ ಸೀಟಿನ ಮಾತು

ಮನೆಯಲ್ಲಿ ಅತ್ತೆ ಬಾಯಿ ಬಿಡುವುದೇ ಅಪರೂಪ. ಉಪ್ಪು ಬೇಕಾದರೆ ಕೈ ಚಾಚುತ್ತಿದ್ದರು, ಬೇಡವಾದರೆ ತಲೆ ಆಡಿಸುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಇದನ್ನು ತನ್ನ ಮೇಲಿನ ಮುನಿಸು ಎಂದುಕೊಂಡು ಒಳಗೊಳಗೇ ಕೊರಗಿದ್ದಳು. ಕಟ್ಟಿಕೊಂಡ ಗಂಡನ ಜೊತೆಗೂ ಹೆತ್ತ ಮಗನ ಜೊತೆಗೂ ಅವರದ್ದು ಅಷ್ಟೇ ಮಾತು ಎಂದು ಗೊತ್ತಾದ ಮೇಲೆ ನಿರಾಳವಾಗಿತ್ತು. ಅಂಥ ಅತ್ತೆ ಈ ವರ್ಷ ವ್ಯಾನಿನ ಮುಂದಿನ ಸೀಟು ಹತ್ತಿದ್ದೇ ತಡ, ಅರಳು ಹುರಿದಂತೆ ಮಾತಾಡತೊಡಗಿದ್ದರು.

“ನೋಡ್ರೀ, ಎಡಗಡೆಯಿಂದ ಒಬ್ಬ ಸೈಕಲ್ಲಿನವನು ಬರ್ತಿದಾನೆ. ಪಾಪ, ಬಿಸಿಲಿಗೆ ಎಷ್ಟು ಬೆವರಿದಾನೆ,” ಅನ್ನುವರು. ಸ್ವಲ್ಪ ದೂರ ಹೋದರೆ, “ಆ ಕೆಂಪು ಕಾರಿನವಳಿಗೆ ಅದೇನು ಅವಸರವೋ, ಬಲಗಡೆಯಿಂದ ನುಗ್ತಿದಾಳೆ, ಹೋಗ್ಲಿ ಬಿಡಿ,” ಅನ್ನುವರು. ಸ್ಟೇರಿಂಗ್ ಹಿಡಿದ ಮಾವ ಪ್ರತಿಯೊಂದಕ್ಕೂ “ಹೂಂ” ಅನ್ನುವರು. ಹಿಂದೆ ಕೂತ ಪ್ರವಾಸಿಗಳಿಗೆ ಮುದಿ ಗಂಡಹೆಂಡಿರ ಈ ಹರಟೆ ಬಲು ಮುದ್ದಾಗಿ ಕಾಣುತ್ತಿತ್ತು. ಸೊಸೆಯೂ ಒಂದೆರಡು ಸಲ, ಈ ವಯಸ್ಸಿನಲ್ಲಿ ಹೊಸದಾಗಿ ಪ್ರೀತಿ ಉಕ್ಕಿದೆಯಲ್ಲ ಎಂದು ಅತ್ತೆಯನ್ನು ಕಾಡಿಸಿದ್ದಳು. ಅತ್ತೆ ನಗಲಿಲ್ಲ. ಅದನ್ನು ಅವಳು ಆಗಲೇ ಗಮನಿಸಬೇಕಿತ್ತು.

ಆ ವ್ಯಾನೇ ಮನೆಯ ಅನ್ನ. ಊರು ಕಡಲ ತಡಿಯದು. ಹಡಗಿನಿಂದ ಇಳಿದವರು, ಬಂದರಿನ ಹತ್ತಿರದ ಹೋಟೆಲುಗಳಲ್ಲಿ ತಂಗಿದವರು ಎರಡು ದಿನ ಸಮುದ್ರ ನೋಡಿ ಬೇಜಾರಾದ ಮೇಲೆ ವೈನ್ ತೋಟಗಳನ್ನು ಕೇಳಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗುವಷ್ಟು ಹತ್ತಿರದಲ್ಲಿ ಮೂರು ಸೀಮೆಗಳಿದ್ದವು. ಮೊದಲು ನದೀ ಬಯಲು, ಅಲ್ಲಿಯ ಮರಳು ಮಣ್ಣಿನಲ್ಲಿ ಹಗುರವಾದ ವೈನ್. ಆಮೇಲೆ ಸಮುದ್ರಕ್ಕೆ ಮುಖ ಮಾಡಿದ ಗುಡ್ಡ, ಅಲ್ಲಿ ತಂಪು ಗಾಳಿಗೆ ಬೆಳೆದ ಹಸಿರು ದ್ರಾಕ್ಷಿಯ ಹುಳಿ ಹುಳಿ ಬಿಳಿ ವೈನ್. ಕಣಿವೆ ದಾಟಿದರೆ ಬಿಸಿಲು ಕಾಯುವ ಒಳನಾಡು, ಅಲ್ಲಿ ನಾಲಿಗೆ ಕಪ್ಪಾಗಿಸುವ ಕೆಂಪು ವೈನ್. ಮಾವ ಗಾಡಿ ಓಡಿಸುವರು. ಸೊಸೆ ಹಿಂದೆ ನಿಂತು ವಿವರ ಹೇಳುವಳು; ತೋಟದಲ್ಲಿ ಇಳಿದ ಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಹೊರಳಿಸಿ, ಬಕೆಟ್ಟಿಗೆ ಉಗುಳಿ, ಅದರ ರುಚಿಯನ್ನು ಮಾತಿಗೆ ತರುವಳು. ಬ್ರೆಡ್ಡು, ಚೀಸು, ಬೇಯಿಸಿದ ಮೊಟ್ಟೆ, ಹಣ್ಣು ತುಂಬಿದ ಬುಟ್ಟಿ ಅತ್ತೆಯದು. ಮೊದಲೆಲ್ಲ ಬುಟ್ಟಿ ಮಾತ್ರ ಹೋಗುತ್ತಿತ್ತು, ಈ ವರ್ಷ ಬುಟ್ಟಿಯ ಜೊತೆ ಅತ್ತೆಯೂ ಹೊರಟಿದ್ದರು.

ಈ ತೋಟಗಳಲ್ಲಿ ಒಂದು ಪದ್ಧತಿ ಇತ್ತು. ಜನರನ್ನು ಕರೆತಂದ ಡ್ರೈವರಿಗೆ ಅಂಗಳದ ಬೆಂಚಿನ ಮೇಲೆ ಒಂದು ಗಿಡ್ಡ, ದಪ್ಪ ಗಾಜಿನ ಲೋಟದಲ್ಲಿ ಹುಳಿ ಬರಿಸದ ದ್ರಾಕ್ಷಿ ರಸ ಕೊಡುತ್ತಿದ್ದರು. ಅದಕ್ಕೆ ಡ್ರೈವರ್ ಲೋಟ ಎಂದೇ ಹೆಸರು. ಆ ಲೋಟ ಹಿಡಿದವನಿಗೆ ಯಾರೂ ವೈನ್ ನೀಡುವಂತಿಲ್ಲ, ಅವನೂ ಕೇಳುವಂತಿಲ್ಲ. ರುಚಿ ನೋಡಿ ಉಗುಳುವುದು ಕೂಡ ಇಲ್ಲ. ಮಾವ ಪ್ರಾಯದಿಂದ ಇವತ್ತಿನವರೆಗೆ ಈ ಸೀಮೆಗಳ ಮೂಲೆ ಮೂಲೆ ಸುತ್ತಿದ್ದರೂ ಒಂದು ತೊಟ್ಟು ವೈನ್ ನಾಲಿಗೆಗೆ ಸೋಕಿಸಿದವರಲ್ಲ. ಇದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು. ಉಳಿದ ಡ್ರೈವರುಗಳು ಅವರನ್ನು ಗೇರ್ ತಾತ ಎಂದು ಕರೆಯುತ್ತಿದ್ದರು, ಅದನ್ನು ಅವರು ಬಿರುದಿನ ಹಾಗೆ ಸ್ವೀಕರಿಸಿದ್ದರು.

ಕಟಾವು ಶುರುವಾಗುವ ಹೊತ್ತಿಗೆ ಅತ್ತೆಗೆ ಶೀತ ಆಯಿತು. ಎರಡು ದಿನ ಕೆಮ್ಮಿ, ಮೂರನೆಯ ದಿನ ಗಂಟಲು ಪೂರ್ತಿ ಕೂತುಹೋಯಿತು. ಮನೆಯಲ್ಲೇ ಮಲಗಿ ಎಂದು ಸೊಸೆ ಹೇಳಿದಳು, ಮಗ ಹೇಳಿದ, ಮೊಮ್ಮಗಳೂ ಹೇಳಿದಳು. ಅತ್ತೆ ತಲೆ ಆಡಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಸಂಜೆ ವಾಪಸು ಬರುವಾಗ ನದೀ ಬಯಲಿನ ರಸ್ತೆಯಲ್ಲಿ ಅದು ನಡೆಯಿತು. ಎಡಗಡೆಯ ಬಳ್ಳಿಸಾಲುಗಳ ನಡುವಿನಿಂದ, ದ್ರಾಕ್ಷಿ ತುಂಬಿದ ಟ್ರೇಲರು ಎಳೆದುಕೊಂಡು ಒಂದು ಟ್ರ್ಯಾಕ್ಟರು ನಿಧಾನವಾಗಿ ರಸ್ತೆಗೆ ಇಳಿಯಿತು. ಹಿಂದೆ ನಿಂತಿದ್ದ ಸೊಸೆಗೇ ಅದು ದೂರದಿಂದ ಕಂಡಿತ್ತು. ಮಾವ ವೇಗ ತಗ್ಗಿಸಲಿಲ್ಲ. ಅತ್ತೆ ಬಾಯಿ ತೆರೆದರು, ಗಾಳಿ ಮಾತ್ರ ಹೊರಗೆ ಬಂತು. ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡನ್ನು ಪಟಪಟ ಬಡಿದರು. ಮಾವ ಮೈಭಾರವೆಲ್ಲ ಹಾಕಿ ಬ್ರೇಕು ಒತ್ತಿದರು. ವ್ಯಾನು ಅರಚಿಕೊಂಡು ಟ್ರೇಲರಿನ ಮೈಗೆ ಕೈಯಳತೆಯಲ್ಲಿ ನಿಂತಿತು, ಒಂದು ಗೊಂಚಲು ದ್ರಾಕ್ಷಿ ಬಾನೆಟ್ಟಿನ ಮೇಲೆ ಬಿತ್ತು.

ಪ್ರವಾಸಿಗಳು ಗಾಬರಿಯಾದರು, ಆಮೇಲೆ ಗೊಂಚಲು ನೋಡಿ ನಕ್ಕರು. ಒಬ್ಬಾತ ಇಳಿದು ಅದನ್ನು ಎತ್ತಿಕೊಂಡು ಎಲ್ಲರಿಗೂ ಹಂಚಿದ. ಸೊಸೆಗೆ ನಗು ಬರಲಿಲ್ಲ. ಅವಳ ಕಣ್ಣಿದ್ದದ್ದು ಅತ್ತೆಯ ಕೈಗಳ ಮೇಲೆ. ಇಡೀ ವರ್ಷ ಕೇಳಿದ ಹರಟೆ ಒಂದೊಂದಾಗಿ ಅವಳ ಕಿವಿಯಲ್ಲಿ ಮರಳಿ ಬಂತು: ಎಡಗಡೆ ಸೈಕಲ್ಲು, ಬಲಗಡೆ ಕೆಂಪು ಕಾರು, ಆ ಮೂಲೆಯಲ್ಲಿ ದಾಟಲು ನಿಂತ ಮುದುಕಿ. ಅತ್ತೆ ಒಂದು ದಿನವೂ ನೇರ ಎದುರಿಗೆ ಇದ್ದುದರ ಬಗ್ಗೆ ಮಾತಾಡಿರಲಿಲ್ಲ.

ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು.

“ಅತ್ತೆ, ಮಾವನಿಗೆ ಅಕ್ಕಪಕ್ಕದ್ದು ಕಾಣಲ್ಲ, ಅಲ್ವಾ?”

ಅತ್ತೆ ಉಸಿರಿನಲ್ಲೇ ಹೇಳಿದರು. ಕಣ್ಣಿನ ಒತ್ತಡ ಅಂತ ಡಾಕ್ಟರು ಹೋದ ವರ್ಷವೇ ಹೇಳಿದ್ದರಂತೆ. ನೇರಕ್ಕೆ ಇರುವುದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಹೋಗಿದೆ, ಹೋಗಿದ್ದು ಇನ್ನು ಬರುವುದಿಲ್ಲ. ಯಾರಿಗೂ ಹೇಳಕೂಡದು ಎಂದು ಮಾವ ಮಾತು ತೆಗೆದುಕೊಂಡಿದ್ದರು.

“ಅದಕ್ಕೆ ನಾನು ಪಕ್ಕದಲ್ಲಿ ಕೂತು ಹೇಳ್ತಿದ್ದೆ,” ಎಂದರು ಅತ್ತೆ.

“ಗಾಡಿ ತುಂಬ ಜನರ ಪ್ರಾಣ ನಿಮ್ಮ ನಾಲಿಗೆ ಮೇಲೆ ಇಟ್ಕೊಂಡು ಓಡಾಡಿದ್ರಾ? ನಾನೂ ಹಿಂದೆ ಇದ್ದೆ. ರಜೆ ಇದ್ದಾಗ ನಿಮ್ಮ ಮೊಮ್ಮಗಳೂ ಇದ್ಲು, ಅತ್ತೆ.”

ಈಳಿಗೆಯ ಮೇಲಿನ ಕೈ ನಿಂತಿತು. ಮೊಮ್ಮಗಳ ವಿಷಯ ಅತ್ತೆಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಸೊಸೆಗೆ ಕೋಪವೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಊಟದ ಮೇಜಿನ ಮೇಲೆ ಮಾವನ ನೀರಿನ ಲೋಟ ಇತ್ತೀಚೆಗೆ ಯಾಕೆ ತಟ್ಟೆಯ ಎದುರಿಗೇ ಇರುತ್ತಿತ್ತು ಎಂಬುದು ಅವಳಿಗೆ ಈಗ ಗೊತ್ತಾಯಿತು.

ಆ ಊಟದಲ್ಲೇ ಜಗಳವಾಯಿತು. ಸೊಸೆ ಸುತ್ತಿ ಬಳಸದೆ ವಿಷಯ ಎತ್ತಿದಳು. ಮಾವ ಹೆಂಡತಿಯ ಕಡೆ ಒಮ್ಮೆ ನೋಡಿ, ಬ್ರೆಡ್ಡು ಮುರಿಯುತ್ತ, ಯಾರಿಗಾದರೂ ಗಾಯವಾಯಿತೇ ಎಂದು ಕೇಳಿದರು.

“ಆಗೋವರೆಗೂ ಕಾಯ್ಬೇಕಾ ಮಾವ?”

“ಆ ರಸ್ತೆ ನನಗೆ ಕಣ್ಣು ಮುಚ್ಕೊಂಡ್ರೂ ಗೊತ್ತು.”

“ರಸ್ತೆ ಗೊತ್ತು. ರಸ್ತೆಗೆ ಯಾರು ಬರ್ತಾರೆ ಅನ್ನೋದು ಯಾರಿಗೂ ಗೊತ್ತಿರಲ್ಲ.”

ಸೊಸೆಯ ಗಂಡ ಕೆಲಸ ಮಾಡುವುದು ಮೀನು ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ. ಯಂತ್ರದ ಗದ್ದಲದಲ್ಲಿ ಕಿವಿ ಹೋಗಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದ; ಮನೆಯಲ್ಲಿ ಜಗಳ ಹತ್ತಿದಾಗ ಆ ಕಿವಿ ಇನ್ನೂ ಮಂದವಾಗುತ್ತಿತ್ತು. ಈಗ ಮಾತ್ರ ತಟ್ಟೆಯಿಂದ ತಲೆಯೆತ್ತಿ, ಉಣ್ಣುವಾಗ ಇದೆಲ್ಲ ಬೇಡ ಎಂದ.

“ಸದ್ಯ, ಕೇಳಿಸ್ತಲ್ಲ ನಿಮಗೆ,” ಎಂದಳು ಸೊಸೆ. ಮಗಳು ನಗು ತಡೆಯಲಾರದೆ ನೀರು ಕುಡಿಯುವ ನೆಪ ಮಾಡಿದಳು.

ಇನ್ನು ವ್ಯಾನು ತಾನೇ ಓಡಿಸುತ್ತೇನೆ, ಕಾರಿನ ಲೈಸೆನ್ಸು ಹೇಗೂ ಇದೆ, ದೊಡ್ಡ ಗಾಡಿಯದನ್ನೂ ಮಾಡಿಸುತ್ತೇನೆ ಎಂದು ಸೊಸೆ ಹೇಳಿದಳು. ಮಾವ ಕೈ ಒರೆಸಿಕೊಂಡು ಎದ್ದರು.

“ನೀನು ಓಡಿಸಿದ್ರೆ ರುಚಿ ನೋಡಿ ಹೇಳೋರು ಯಾರು? ಬಂದವರು ನಿನ್ನ ಮಾತಿಗೆ ಬರ್ತಾರೆ. ಸ್ಟೇರಿಂಗ್ ಹಿಡಿದ ಮೇಲೆ ವೈನ್ ಮುಟ್ಟೋ ಹಾಗಿಲ್ಲ, ನೆನಪಿರಲಿ. ಮತ್ತೆ ನಾನು? ಹಿಂದಿನ ಸೀಟಿನ ಸಾಮಾನಾ?”

ವೈನಿನ ಕೆಲಸ ಸೊಸೆ ಕಷ್ಟಪಟ್ಟು ಕಲಿತದ್ದು. ಗುಡ್ಡದ ಹೊಸ ವೈನನ್ನು ಪ್ರತಿ ವರ್ಷ ಮೊದಲ ಸಲ ಬಾಯಿಗೆ ಹಾಕಿಕೊಳ್ಳುವ ಆ ಗಳಿಗೆ ಅವಳಿಗೆ ಎಷ್ಟು ಇಷ್ಟವೆಂದರೆ, ಅದನ್ನು ಗಂಡನಿಗೂ ಹೇಳಿರಲಿಲ್ಲ. ಸ್ಟೇರಿಂಗ್ ಹಿಡಿದರೆ ಅದು ಕೈತಪ್ಪುತ್ತಿತ್ತು. ಆದರೂ ಮಾರನೆಯ ಬೆಳಿಗ್ಗೆ ಎದ್ದವಳು ನೇರ ಡ್ರೈವಿಂಗ್ ಸ್ಕೂಲಿಗೆ ಹೋಗಿ ಹೆಸರು ಹಚ್ಚಿದಳು.

ಅಲ್ಲಿಂದ ಕೆಲವು ವಾರ ಮನೆ ಬಿಗಿದುಕೊಂಡೇ ಇತ್ತು. ಮಾವ ಸ್ಟೇರಿಂಗ್ ಹಿಡಿದರೆ ತಾನು ವ್ಯಾನು ಹತ್ತುವುದಿಲ್ಲ, ಬೇರೆಯವರನ್ನೂ ಹತ್ತಿಸುವುದಿಲ್ಲ ಎಂದು ಸೊಸೆ ಹಟ ಹಿಡಿದಳು. ಪ್ರವಾಸಕ್ಕೆ ಬಾಡಿಗೆ ಡ್ರೈವರ್ ಬಂದ. ಅವನು ಸೀಟು ಹಿಂದಕ್ಕೆ ಸರಿಸಿದ, ಕನ್ನಡಿ ತಿರುಗಿಸಿದ, ಆಶ್‌ಟ್ರೇಯಲ್ಲಿ ಹಣ್ಣಿನ ಸಿಪ್ಪೆ ತುರುಕಿದ. ಮಾವ ದಿನಾ ಬೆಳಿಗ್ಗೆ ವ್ಯಾನು ತೊಳೆದು, ಸೀಟನ್ನೂ ಕನ್ನಡಿಯನ್ನೂ ತಮ್ಮ ಅಳತೆಗೆ ಮತ್ತೆ ತಂದಿಟ್ಟು ಒಳಗೆ ಬರುತ್ತಿದ್ದರು. ಸೊಸೆಯೊಂದಿಗೆ ಅವರ ಮಾತುಕತೆ ಮೊಮ್ಮಗಳ ಮೂಲಕ ನಡೆಯುತ್ತಿತ್ತು. “ಕಾಫಿ ಆಯ್ತಾ ಅಂತ ನಿಮ್ಮಮ್ಮನ್ನ ಕೇಳು,” ಅನ್ನುವರು, ಅಮ್ಮ ಎರಡು ಮಾರು ದೂರದಲ್ಲೇ ನಿಂತಿದ್ದರೂ. ಹುಡುಗಿ ಪಾಪ ಇಬ್ಬರಿಗೂ ದುಭಾಷಿಯಾಗಿ ಸುಸ್ತಾದಳು.

ಅತ್ತೆಯ ಗಂಟಲು ಗುಣವಾಯಿತು. ಆದರೆ ಮಾತು ಮೊದಲಿಗಿಂತಲೂ ಕಡಿಮೆಯಾಯಿತು. ಬುಟ್ಟಿ ಕಟ್ಟಿ ಕಳಿಸುವರು, ತಾವು ಹೋಗುತ್ತಿರಲಿಲ್ಲ.

ಸೊಸೆ ಮೊದಲ ಪರೀಕ್ಷೆಯಲ್ಲಿ ಫೇಲಾದಳು. ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸಿದ್ದಳು, ರಿವರ್ಸ್ ತೆಗೆಯುವಾಗ ಮೂಲೆಯ ಕಂಬ ಬೀಳಿಸಿದಳು. ಮನೆಗೆ ಬಂದು ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡುತ್ತ ತೊಳೆಯುತ್ತಿರುವಾಗ, ಪೇಪರಿನ ಹಿಂದಿನಿಂದ ಮಾವನ ಧ್ವನಿ ಬಂತು.

“ಹಿಂದಕ್ಕೆ ತೆಗೆಯೋ ಮುಂಚೆ ಇಳಿದು ಒಂದು ಸಲ ನೋಡ್ಕೋಬೇಕು ಅಂತ ನಿಮ್ಮಮ್ಮನಿಗೆ ಹೇಳು.”

ಮೊಮ್ಮಗಳು ಮನೆಯಲ್ಲೇ ಇರಲಿಲ್ಲ. ಸೊಸೆ, “ಆಗಲಿ ಮಾವ,” ಎಂದಳು. ಅವರು ಪೇಪರನ್ನು ಇನ್ನೂ ಎತ್ತರಕ್ಕೆ ಹಿಡಿದರು. ಎರಡನೆಯ ಸಲ ಅವಳು ಇಳಿದು ನೋಡಿಕೊಂಡು ರಿವರ್ಸ್ ತೆಗೆದಳು, ಪಾಸಾದಳು. ಲೈಸೆನ್ಸು ಬಂದ ದಿನ ಅದನ್ನು ಮೇಜಿನ ಮೇಲೆ ಇಟ್ಟಳು. ಮಾವ ಅದನ್ನು ಸರಿಸಿ, ತಮ್ಮ ತಟ್ಟೆ ಇಟ್ಟುಕೊಂಡು ಉಂಡೆದ್ದರು. ವ್ಯಾನಿನ ಕೀಲಿ ಅವರ ಅಂಗಿಯ ಜೇಬಿನಲ್ಲೇ ಉಳಿಯಿತು.

ಕಟಾವಿನ ಕೊನೆಯ ವಾರ ಒಂದು ದೊಡ್ಡ ಹಡಗು ಬಂತು. ವ್ಯಾನು ತುಂಬ ಜನ, ಗುಡ್ಡದ ತೋಟಕ್ಕೆ. ಅವತ್ತೇ ಬೆಳಿಗ್ಗೆ ಬಾಡಿಗೆ ಡ್ರೈವರ್ ಫೋನು ಮಾಡಿ, ಹೋಟೆಲಿನವರು ತನ್ನನ್ನು ಕಾಯಂ ಮಾಡಿಕೊಂಡಿದ್ದಾರೆ, ಇನ್ನು ಬರುವುದಿಲ್ಲ ಎಂದ. ಸೊಸೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಓಡಿ ಬಂದರೆ, ಮಾವ ಆಗಲೇ ಸ್ಟೇರಿಂಗಿನ ಹಿಂದೆ ಕೂತು ಎಂಜಿನ್ ಚಾಲೂ ಮಾಡಿದ್ದರು.

“ಮಾವ, ಇಳೀರಿ.”

“ಜನ ಬಂದರಿನ ಗೇಟಿನಲ್ಲಿ ಕಾಯ್ತಿರ್ತಾರೆ. ನೀನು ಹಿಂದೆ ಹತ್ತು. ಅವಳು ಪಕ್ಕದಲ್ಲಿ ಇರ್ತಾಳೆ.”

ಅತ್ತೆ ಬುಟ್ಟಿ ಹಿಡಿದುಕೊಂಡು ಒಳಗಿನಿಂದ ಬಂದರು. ಸೊಸೆಯ ಮುಖ ನೋಡದೆ ಹೋಗಿ ಮುಂದಿನ ಸೀಟಿನಲ್ಲಿ ಕೂತರು, ಬಾಗಿಲು ಹಾಕಿಕೊಂಡರು. ಸೊಸೆ ಹೋಗಿ ವ್ಯಾನಿನ ಹಿಂದೆ, ಗೇಟಿಗೆ ಬೆನ್ನು ಕೊಟ್ಟು ನಿಂತಳು. ಏನಾದರಾಗಲಿ, ಇಲ್ಲಿಂದ ಕದಲುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಕೆಲಸಕ್ಕೆ ಹೊರಟಿದ್ದ ಗಂಡ ಸೈಕಲ್ಲು ಹಿಡಿದು ಅಲ್ಲೇ ನಿಂತ.

ಮಾವ ರಿವರ್ಸ್ ಗೇರು ಹಾಕಿ, ಅಭ್ಯಾಸದಂತೆ ಹೆಂಡತಿಯ ಕಡೆ ಕಿವಿ ಕೊಟ್ಟರು. “ಹೂಂ, ಹೇಳು.”

ಅತ್ತೆ ಮಾತಾಡಲಿಲ್ಲ.

“ಯಾಕೆ, ಗಂಟಲು ಇನ್ನೂ ಸರಿಯಾಗಿಲ್ವಾ?”

“ಗಂಟಲು ಸರಿಯಾಗಿದೆ ರೀ. ನಾನು ಹೇಳಲ್ಲ,” ಎಂದರು ಅತ್ತೆ. ತೆರೆದ ಕಿಟಕಿಯಿಂದ ಎಲ್ಲರಿಗೂ ಕೇಳಿಸಿತು. “ನಿಮಗೆ ಕೊಟ್ಟ ಮಾತು ಉಳಿಸಿಕೊಂಡೆ. ಅದಕ್ಕೋಸ್ಕರ ಮೊಮ್ಮಗಳನ್ನೂ ಹಿಂದೆ ಕೂರಿಸ್ಕೊಂಡು ಬಂದೆ. ಇನ್ನು ಆಗಲ್ಲ. ನೀವು ಓಡಿಸೋದಾದ್ರೆ ಓಡಿಸಿ, ನಾನು ಬಾಯಿ ಬಿಡಲ್ಲ.”

ಅತ್ತೆ ಗಂಡನಿಗೆ ಇಷ್ಟು ಉದ್ದ ಉತ್ತರ ಕೊಟ್ಟದ್ದನ್ನು ಮಗನೂ ಕಂಡಿರಲಿಲ್ಲ. ಮಾವ ಎಡಗಡೆಯ ಕನ್ನಡಿ ನೋಡಿದರು, ಕುತ್ತಿಗೆ ಪೂರ್ತಿ ತಿರುಗಿಸಿ ಬಲಗಡೆ ನೋಡಿದರು, ಮತ್ತೆ ಎಡಗಡೆ ನೋಡಿದರು. ಎಂಜಿನ್ ಸುಮ್ಮನೆ ಗುರುಗುಡುತ್ತಿತ್ತು. ಆಮೇಲೆ ಅದನ್ನು ಆಫ್ ಮಾಡಿದರು. ಇಳಿದು, ವ್ಯಾನಿನ ಮೈಗೆ ಒಂದು ಕೈ ಸವರಿಕೊಂಡು ನಡೆದು, ಹಿಂದಿನ ಬಾಗಿಲಿನಿಂದ ಹತ್ತಿ ಎರಡನೆಯ ಸಾಲಿನಲ್ಲಿ ಕೂತರು. ಕೀಲಿಯನ್ನು ಯಾರ ಕೈಗೂ ಕೊಡಲಿಲ್ಲ, ಅದು ಸ್ಟೇರಿಂಗಿನ ಪಕ್ಕದಲ್ಲೇ ನೇತಾಡುತ್ತಿತ್ತು.

ಸೊಸೆ ಸೀಟು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ತನ್ನ ಅಳತೆಗೆ ತಿರುಗಿಸಿದಳು, ಇಳಿದು ಒಂದು ಸಲ ಹಿಂದೆ ನೋಡಿ ಬಂದಳು. ಗಂಡ ಗೇಟು ತೆರೆದು ರಸ್ತೆಯ ಮಧ್ಯೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, “ಎಡಗಡೆ ಖಾಲಿ ಇದೆ, ಬಾ ಬಾ,” ಎಂದು ಕೂಗಿದ. ಕಿವಿ ಮಂದವಾದವನ ಗಂಟಲು ಅಷ್ಟು ದೊಡ್ಡದಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಬಂದರಿನ ಗೇಟಿನಲ್ಲಿ ಜನರನ್ನು ಹತ್ತಿಸಿಕೊಂಡ ಮೇಲೆ ದಾರಿಯುದ್ದಕ್ಕೂ ವ್ಯಾನಿನಲ್ಲಿ ಮೌನ. ಸೊಸೆಗೆ ಎರಡೂ ಕೈ ಸ್ಟೇರಿಂಗಿಗೆ ಅಂಟಿದ್ದವು, ಹಿಂದಿನವರಿಗೆ ವಿವರ ಹೇಳುವ ಧೈರ್ಯವಿರಲಿಲ್ಲ. ಅತ್ತೆ ಬುಟ್ಟಿ ತಬ್ಬಿಕೊಂಡು ಕೂತಿದ್ದರು. ತಿರುವು ಬಂದಾಗಲೆಲ್ಲ ಮಾವನ ಕಾಲು ನೆಲವನ್ನು ಒತ್ತುವ ಸದ್ದು ಕೇಳುತ್ತಿತ್ತು, ಬ್ರೇಕು ಅಲ್ಲೇ ಇದೆಯೇನೋ ಎಂಬಂತೆ. ಪ್ರವಾಸಿಗಳು ಹೊರಗೆ ನೋಡಿದರು, ಆಮೇಲೆ ಆಕಳಿಸಿದರು. ಮಾವ ಹೇಳಿದ್ದು ನಿಜ, ಜನ ಮಾತಿಗೆ ಬರುತ್ತಾರೆ ಎಂದು ಸೊಸೆ ಅಂದುಕೊಂಡಳು. ಆದರೂ ಗಾಡಿಯನ್ನು ಸಾವಕಾಶವಾಗಿ, ಒಂದೂ ಕುಲುಕಾಟವಿಲ್ಲದೆ ಗುಡ್ಡ ಹತ್ತಿಸಿದಳು.

ಗುಡ್ಡದ ತೋಟದ ಒಡತಿ ಗಟ್ಟಿ ದನಿಯ ಹೆಂಗಸು. ಎಂದಿನಂತೆ ಅಂಗಳಕ್ಕೆ ಬಂದು, ಗೇರ್ ತಾತ ಎಷ್ಟು ವಾರಗಳಾದ ಮೇಲೆ ಬಂದರು ಎನ್ನುತ್ತ ಡ್ರೈವರ್ ಲೋಟವನ್ನು ಮಾವನ ಕೈಗಿಟ್ಟಳು. ಗೋಡೆಯ ಬೆಂಚಿನ ಮೇಲೆ ಬೇರೆ ಗಾಡಿಗಳ ಡ್ರೈವರುಗಳು ತಮ್ಮ ತಮ್ಮ ಲೋಟ ಹಿಡಿದು ಕೂತಿದ್ದರು, ಅವರಿಗೆ ಸರಿದು ಜಾಗ ಮಾಡಿದರು. ಮಾವ ಕೂರಲಿಲ್ಲ. ಲೋಟವನ್ನು ಕಣ್ಣಿನ ನೇರಕ್ಕೆ ಹಿಡಿದು ಕೊಂಚ ಹೊತ್ತು ನೋಡಿದರು. ಆಮೇಲೆ ವ್ಯಾನಿನ ಬಾಗಿಲು ಹಾಕುತ್ತಿದ್ದ ಸೊಸೆಯ ಹತ್ತಿರ ನಡೆದುಕೊಂಡು ಬಂದರು.

“ತಗೋ. ಇದು ಓಡಿಸೋರದ್ದು,” ಎಂದರು. ನಡುವೆ ಮೊಮ್ಮಗಳು ಇರಲಿಲ್ಲ, ನೇರ ಅವಳಿಗೇ ಹೇಳಿದರು. ತಿರುಗಿ ಒಡತಿಗೆ, “ನನಗೆ ಆ ಉದ್ದ ಕಾಲಿನ ವೈನ್ ಗ್ಲಾಸಿನಲ್ಲಿ ಕೊಡಮ್ಮ,” ಎಂದರು.

ಅದರರ್ಥ ಬೆಂಚಿನ ಮೇಲಿನ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವರಲ್ಲಿ ಹಳಬನೊಬ್ಬ ಎದ್ದು ನಿಂತ, ಮತ್ತೆ ಕೂತ. ಒಡತಿ ಒಳಗೆ ಹೋಗಿ, ತೆಳುವಾದ ಗ್ಲಾಸಿನಲ್ಲಿ ಬಿಳಿ ವೈನ್ ತಂದು ಕೊಟ್ಟಳು. ಮಾವ ಒಂದು ಗುಟುಕು ಕುಡಿದರು. ಮುಖವೆಲ್ಲ ಗಂಟಾಯಿತು.

“ಇದಕ್ಕಾ ಇವರೆಲ್ಲ ಸಮುದ್ರ ದಾಟಿ ಬರೋದು? ಹುಣಸೆಹಣ್ಣು ತಿಂದ ಹಾಗಿದೆ.”

ಪ್ರವಾಸಿಗಳು ಘೊಳ್ಳೆಂದು ನಕ್ಕರು. ಅದು ಸಮುದ್ರದ ಗಾಳಿಯ ಹುಳಿ, ಅದಕ್ಕೇ ಬೆಲೆ ಎಂದು ಒಡತಿ ಸಮಜಾಯಿಷಿ ಕೊಟ್ಟಳು. ಮಾವ ಅನುಮಾನದಿಂದ ಇನ್ನೊಂದು ಗುಟುಕು ಕುಡಿದರು, ಉಗುಳಲು ಬಕೆಟ್ಟು ತೋರಿಸಿದರೆ ಬೇಡವೆಂದರು. ಸೊಸೆ ವ್ಯಾನಿಗೆ ಒರಗಿ ಗಿಡ್ಡ ಲೋಟದ ರಸ ಕುಡಿದಳು. ಗಟ್ಟಿಯಾಗಿತ್ತು, ತೀರಾ ಸಿಹಿಯಾಗಿತ್ತು. ಈ ವರ್ಷದ ಹೊಸ ವೈನ್ ಹೇಗಿರುತ್ತದೋ ತನಗಿನ್ನು ತಿಳಿಯುವುದಿಲ್ಲ ಎಂದುಕೊಂಡಳು. ಅತ್ತು ಕೂರುವ ಹೊತ್ತು ಅದಲ್ಲ; ತಳ ಕಾಣುವವರೆಗೆ ಕುಡಿದು ಲೋಟವನ್ನು ಬೆಂಚಿನ ಮೇಲೆ, ಉಳಿದ ಲೋಟಗಳ ಸಾಲಿನಲ್ಲಿ ಇಟ್ಟಳು.

ವಾಪಸು ಇಳಿಯುವಾಗ ಬಿಸಿಲು ಓರೆಯಾಗಿತ್ತು. ಕೆಲವು ತಿರುವುಗಳಾದರೂ ಹಿಂದಿನಿಂದ ನೆಲ ಒತ್ತುವ ಸದ್ದು ಬರಲಿಲ್ಲ. ಮಾವ ನಿದ್ದೆ ಹೋಗಿರಬೇಕು ಎಂದುಕೊಳ್ಳುವಷ್ಟರಲ್ಲಿ ಅವರ ದನಿ ಕೇಳಿಸಿತು.

“ಎಡಗಡೆ ಏನಿದೆ, ಹೇಳೇ.”

ಅತ್ತೆ ಸೀಟಿನಲ್ಲೇ ತಿರುಗಿ ನೋಡಿದರು. ಇಡೀ ವರ್ಷ ಅವರು ಹೇಳುತ್ತಿದ್ದರು, ಮಾವ ಹೂಂಗುಟ್ಟುತ್ತಿದ್ದರು. ಕೇಳಿದ್ದು ಇದೇ ಮೊದಲು. ಅತ್ತೆಯ ಕಣ್ಣು ತುಂಬಿತು. ಒರೆಸಿಕೊಂಡು ಮೆಲ್ಲನೆ ಶುರುಮಾಡಿದರು. ಬಳ್ಳಿಸಾಲುಗಳು ಖಾಲಿಯಾಗಿವೆ ರೀ, ಬುಟ್ಟಿಗಳನ್ನು ಒಂದರೊಳಗೊಂದು ಹಾಕಿ ಇಟ್ಟಿದಾರೆ. ಕೀಳೋ ಹೆಂಗಸರು ಗೋಡೆಗೆ ಒರಗಿ ಕೂತಿದಾರೆ, ಒಬ್ಬಳು ಚಪ್ಪಲಿ ಬಿಚ್ಚಿ ಕಾಲು ತಿಕ್ಕೊಳ್ತಿದಾಳೆ. ಅವರ ಆಚೆ ಸಮುದ್ರ ಕಾಣುತ್ತೆ, ನಮ್ಮೂರಿನ ಬಂದರಲ್ಲಿ ನಿಂತ ಹಡಗು ಬೆಂಕಿಪೊಟ್ಟಣದಷ್ಟಿದೆ.

ಹಿಂದೆ ಆಕಳಿಸುತ್ತಿದ್ದವರು ಎಡಗಡೆಯ ಕಿಟಕಿಗಳಿಗೆ ಸರಿದರು. ತಮಗೂ ಕೇಳುವ ಹಾಗೆ ಹೇಳಬಾರದೇ ಎಂದು ಕೊನೆಯ ಸಾಲಿನಿಂದ ಒಬ್ಬಾಕೆ ಕೇಳಿದಳು. ಅತ್ತೆಗೆ ಸಂಕೋಚವಾಗಿ ಮಾತು ನಿಂತಿತು, ಸೊಸೆಯ ಕಡೆ ನೋಡಿದರು.

ಸೊಸೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಜೋರಾಗಿ ಹೇಳಿ ಅತ್ತೆ,” ಎಂದಳು. “ನಾನೂ ಎಡಗಡೆ ನೋಡೋ ಹಾಗಿಲ್ಲ.”

ಅತ್ತೆ ಬುಟ್ಟಿಯನ್ನು ಕಾಲ ಬಳಿ ಇಳಿಸಿ, ಗಂಟಲು ಸರಿಮಾಡಿಕೊಂಡರು.